ಕೊಬ್ಬರಿ ಸಾಲಿನಲ್ಲಿ ಕೂತ ಹತ್ತನೇ ಕ್ಲಾಸು

ಶಿವರಾತ್ರಿಗೆ ಇನ್ನೂ ಐದು ದಿನ ಇರುವಾಗಲೇ ನಮ್ಮ ಮಕ್ಕಳು ಒಂದು ಜಾಗರಣೆ ಮುಗಿಸಿಬಿಟ್ಟಿದ್ದರು. 2024ರ ಮಾರ್ಚ್ 3, ಭಾನುವಾರ ರಾತ್ರಿ. ಗುಡಿಯಲ್ಲಲ್ಲ, ಕೊಬ್ಬರಿ ಖರೀದಿ ಕೇಂದ್ರದ ಮುಂದಿನ ಬಯಲಲ್ಲಿ. ಈಗ ಎಂಟನೇ ಕ್ಲಾಸಿನಲ್ಲಿರುವವರು ‘ಆ ಕತೆ ಹೇಳಕ್ಕ’ ಅಂತ ಪೀಡಿಸುತ್ತಲೇ ಇರುತ್ತಾರೆ. ಅವರಿಗೆ ತುಣುಕು ತುಣುಕಾಗಿ ಹೇಳಿದ್ದೇನೆ. ಇವತ್ತು ಮೊದಲಿಂದ ಹೇಳುತ್ತೇನೆ. ಬೆಂಕಿಗೆ ಇನ್ನೆರಡು ಮಟ್ಟೆ ತಳ್ಳಿ, ಹತ್ತಿರ ಬನ್ನಿ.

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಮಕ್ಕಳ ಬಾಯಲ್ಲಿ ಲೈಬ್ರರಿ ಅಕ್ಕ. ನಮ್ಮೂರಿಂದ ತಿಪಟೂರಿಗೂ ಬಸ್ಸು, ತುರುವೇಕೆರೆಗೂ ಬಸ್ಸು. ಚಿಕ್ಕನಾಯಕನಹಳ್ಳಿಗೆ ಮಾತ್ರ ಕ್ರಾಸಿನಲ್ಲಿ ಇಳಿದು ಬದಲಾಯಿಸಬೇಕು. ಮೂರರಲ್ಲಿ ಯಾವ ದಾರಿ ಹಿಡಿದರೂ ಎರಡೂ ಪಕ್ಕ ತೆಂಗಿನ ತೋಟವೇ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರ ಪಟ ನಮ್ಮ ಲೈಬ್ರರಿ ಗೋಡೆಯ ಮೇಲಿದೆ. ‘ಇವರೂ ನಿಮ್ಮಂಗೆ ಇದೇ ಧೂಳಲ್ಲಿ ನಡೆದೋರೇ ಕಣ್ರೋ’ ಅಂತ ಹೊಸಬರಿಗೆ ತೋರಿಸುತ್ತೇನೆ. ಅವರು ಪಟವನ್ನು ಒಂದು ಸಲ ನೋಡಿ ಕೇರಂ ಬೋರ್ಡಿನ ಕಡೆ ತಿರುಗುತ್ತಾರೆ.

ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್‌ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾ. ಶಾಲೆ ಮುಚ್ಚಿತು. ‘ವಿದ್ಯಾಗಮ’ ಅಂತ ಮೇಷ್ಟ್ರುಗಳು ಊರೂರಿಗೆ ಬಂದು ಗುಡಿ ಜಗಲಿ, ಅರಳಿಕಟ್ಟೆಯ ಮೇಲೆ ಪಾಠ ಮಾಡಿದರು. ಅಕ್ಟೋಬರ್ ಹೊತ್ತಿಗೆ ಅದೂ ನಿಂತಿತು. ಆ ವರ್ಷದ ಕೊನೆಗೆ ‘ಓದುವ ಬೆಳಕು’ ಬಂತು: ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ನಮ್ಮ ಲೈಬ್ರರಿಗಳಲ್ಲಿ ಪುಕ್ಕಟೆ ಸದಸ್ಯತ್ವ. ಚಿಕ್ಕಮಕ್ಕಳು ಚಿತ್ರದ ಪುಸ್ತಕಕ್ಕೆ ಬಂದರು. ಅವರನ್ನು ಕರೆದುಕೊಂಡು ಹೋಗಲು ಬಂದ ಅಣ್ಣಂದಿರು, ಅಕ್ಕಂದಿರು ಅಲ್ಲೇ ನಿಂತರು. ಸಂಜೆ ಶಾಲೆ ನಮ್ಮಲ್ಲಿ ಶುರುವಾದದ್ದು ಹಾಗೆ. ಯಾರೂ ಉದ್ಘಾಟನೆ ಮಾಡಲಿಲ್ಲ. ‘ಅರಿವು ಕೇಂದ್ರ’ ಅನ್ನುವ ಬೋರ್ಡು ಆಮೇಲೆ ಬಂತು.

ಸಂಜೆ ಶಾಲೆ ಅಂದರೆ ಟ್ಯೂಷನ್ ಅಂದುಕೊಳ್ಳಬೇಡಿ. ನಾನು ಗಣಿತದ ಟೀಚರ್ ಅಲ್ಲ. ಡೈರಿಗೆ ಹಾಲು ಹಾಕಿ, ಕ್ಯಾನು ತೊಳೆದಿಟ್ಟು, ಆರೂವರೆಗೆ ಬರುತ್ತಾರೆ. ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಪೇಪರ್ ಓದುತ್ತಾರೆ. ಡಿಪ್ಲೊಮಾಕ್ಕೆ ಅರ್ಜಿ ಯಾವಾಗ, ಹಾಸ್ಟೆಲಿಗೆ ಜಾತಿ ಸರ್ಟಿಫಿಕೇಟು ಎಲ್ಲಿ ಮಾಡಿಸೋದು, ಅಪ್ಪ ಕುಡಿದು ಬಂದರೆ ಪುಸ್ತಕ ಎಲ್ಲಿ ಬಚ್ಚಿಡೋದು, ಎಲ್ಲದಕ್ಕೂ ಅಲ್ಲೇ ಮಾತು. ನನ್ನ ಕೆಲಸ ಲೈಟು ಹಾಕೋದು, ಕೇಳಿಸಿಕೊಳ್ಳೋದು, ಹೆಣ್ಣುಮಕ್ಕಳು ಮನೆ ಮುಟ್ಟಿದರಾ ಅಂತ ಎಂಟು ಗಂಟೆಗೆ ಫೋನ್ ಮಾಡೋದು.

ಇನ್ನು ಕೊಬ್ಬರಿಯ ಮಾತು. ಅದಿಲ್ಲದೆ ಈ ಕತೆ ಮುಂದೆ ಹೋಗಲ್ಲ.

ತಿಪಟೂರು ಅಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿ ಕೆಡವಿ, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಅದನ್ನು ಮತ್ತೆ ಮುಟ್ಟುವುದು ಎಂಟೋ ಹತ್ತೋ ತಿಂಗಳಾದ ಮೇಲೆ. ಕೆಲವರು ವರ್ಷವೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು. ಅಲ್ಲಾಡಿಸಿದರೆ ಗಿಟುಕು ಒಳಗೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಏಟು ತಾಗದ ಹಾಗೆ ತೆಗೆಯಬೇಕು. ಹೋಳಾದರೆ ರೇಟು ಬಿತ್ತು. ಮಗು ಹತ್ತನೇ ಕ್ಲಾಸಿಗೆ ಸೇರುವ ಜೂನಿನಲ್ಲಿ ಅಟ್ಟಕ್ಕೆ ಹೋದ ಕಾಯಿ, ಪರೀಕ್ಷೆ ಬರುವ ಮಾರ್ಚಿಗೆ ಕೊಬ್ಬರಿಯಾಗುತ್ತದೆ. ಪಿಯುಸಿ ಫೀಸು ವರ್ಷವಿಡೀ ಆ ಮಗುವಿನ ತಲೆಯ ಮೇಲೆಯೇ ಒಣಗುತ್ತಿರುತ್ತದೆ.

ಆ ವರ್ಷ ಅಟ್ಟದ ಕೆಳಗೆ ಯಾರಿಗೂ ನಿದ್ದೆ ಇರಲಿಲ್ಲ. ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕನ್ನು ಬರಪೀಡಿತ ಅಂತ ಘೋಷಿಸಿದ್ದರು. ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ ಒಂಬತ್ತು ಸಾವಿರದ ಆಸುಪಾಸಿನಲ್ಲಿ ಒದ್ದಾಡುತ್ತಿತ್ತು. ಕೇಂದ್ರದ ಬೆಂಬಲ ಬೆಲೆ 12,000. ಅದರ ಮೇಲೆ ರಾಜ್ಯದ್ದು 1,500. ಅಂಗಡಿಗೆ ಹಾಕುವುದಕ್ಕೂ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್‌ಗೆ ಕೊಡುವುದಕ್ಕೂ ಕ್ವಿಂಟಲಿಗೆ ನಾಲ್ಕು ಸಾವಿರದಷ್ಟು ವ್ಯತ್ಯಾಸ. ಹತ್ತು ಕ್ವಿಂಟಲ್ ಇದ್ದವರಿಗೆ ನಲವತ್ತು ಸಾವಿರ! ಅಂದಮೇಲೆ ಯಾರು ಮನೆಯಲ್ಲಿ ಕೂರುತ್ತಾರೆ? ಫೆಬ್ರವರಿಯಲ್ಲಿ ನೋಂದಣಿಗೆ ಜನ ಮುಗಿಬಿದ್ದರು. ಆ ನೋಂದಣಿ ರದ್ದಾಯಿತು. ಮಾರ್ಚ್ 4ರ ಸೋಮವಾರದಿಂದ ಹೊಸದಾಗಿ, ಈ ಸಲ ರೈತರೇ ಬಂದು ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಅಂತಾಯಿತು. ಪಹಣಿ, ಆಧಾರ್, ರೈತರ ಗುರುತಿನ ಫ್ರೂಟ್ಸ್ ಐಡಿ ಜೊತೆಗೆ ಬೆರಳು.

ಈ ಕಡೆ ನಮ್ಮ ಮಕ್ಕಳ ಪಂಚಾಂಗ ನೋಡಿ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಮಾರ್ಚ್ 2ರ ಶನಿವಾರ ಮುಗಿದಿತ್ತು. ಮಾರ್ಚ್ 25ಕ್ಕೆ ದೊಡ್ಡ ಪರೀಕ್ಷೆ. ಆ ವರ್ಷ ಕೋಣೆಕೋಣೆಗೂ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಅಂತ ಸುದ್ದಿ. ‘ತಲೆ ಕೆರ್ಕಂಡ್ರೂ ತುಮಕೂರಲ್ಲಿ ಕಾಣ್ತದಂತೆ ಕಣಕ್ಕ’ ಅಂತ ಒಬ್ಬ ಹೆದರಿದ್ದ. ದಸರಿಘಟ್ಟದ ಚೌಡೇಶ್ವರಿ ಅಮ್ಮ ಅಕ್ಷರ ಬರೆದು ಉತ್ತರ ಹೇಳುತ್ತಾಳೆ ಅನ್ನುವುದು ನಮ್ಮ ಸೀಮೆಯ ನಂಬಿಕೆ. ಒಬ್ಬಳ ತಾಯಿ ಅಲ್ಲಿಗೂ ಹೋಗಿ ಮಗಳು ಪಾಸಾಗ್ತಾಳಾ ಅಂತ ಕೇಳಿ ಬಂದಿದ್ದರು. ಉತ್ತರ ಏನು ಬಂತು ಅಂತ ಮಗಳಿಗೆ ಮಾತ್ರ ಹೇಳಲಿಲ್ಲ.

ಶನಿವಾರ ಸಂಜೆ ‘ನಾಳೆಯಿಂದ ರಿವಿಷನ್, ಯಾರ್ಯಾರು ಯಾವ ಪಾಠ’ ಅಂತ ಚೀಟಿ ಮಾಡೋಣ ಅಂತ ಕೂತೆ. ಒಬ್ಬಳು ಎದ್ದು ನಿಂತಳು.

‘ನಾಳೆ ಬರಲ್ಲ ಕಣಕ್ಕ. ಅಜ್ಜಿ ಜೊತೆ ಸಾಲಿಗೆ ಹೋಗ್ಬೇಕು.’

ಅವಳ ಅಪ್ಪ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಗೋಡೌನಿನಲ್ಲಿ ವಾಚ್‌ಮನ್, ಅಮ್ಮನೂ ಅಲ್ಲೇ. ತೋಟ ಅಜ್ಜಿಯ ಹೆಸರಲ್ಲಿ. ಅಜ್ಜಿಗೆ ಓದು ಬಾರದು, ಕಣ್ಣೂ ಮಂಜು. ಪಹಣಿ ಫೈಲು ಇಟ್ಟುಕೊಳ್ಳುವವಳು ಈ ಹುಡುಗಿಯೇ, ಕೂಲಿ ಲೆಕ್ಕ ಬರೆಯುವವಳೂ ಇವಳೇ. ಅವಳ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಮೂವರು. ನಮ್ಮ ಹತ್ತನೇ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಭಾನುವಾರ ರಾತ್ರಿ ಸಾಲಿನಲ್ಲಿರುತ್ತಾರೆ ಅಂತ ಐದು ನಿಮಿಷದಲ್ಲಿ ಗೊತ್ತಾಯಿತು. ಬೆರಳು ದೊಡ್ಡವರದ್ದೇ ಆಗಬೇಕು, ಸರಿ. ರಾತ್ರಿಯೆಲ್ಲ ಜಾಗ ಕಾಯಲು ಯಾರ ಬೆರಳೂ ಬೇಕಿಲ್ಲ. ಆ ಕೆಲಸ ಹದಿನೈದು ವರ್ಷದವರ ಪಾಲಿಗೆ ಬಂದಿತ್ತು.

ನಮ್ಮ ಯಜಮಾನರು ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಮುದ್ದೆ ಮುರಿಯುತ್ತ ಅವರು ಒಂದೇ ಮಾತು ಅಂದರು: ‘ಮಕ್ಕಳು ಅಲ್ಲಿದ್ರೆ ನೀನು ಇಲ್ಲಿ ಯಾರಿಗೆ ಲೈಟ್ ಹಾಕ್ತೀಯ?’

ಭಾನುವಾರ ಸಂಜೆ ಅವರ ಲಗೇಜ್ ಆಟೊದಲ್ಲಿ ಲೈಬ್ರರಿಯ ಎರಡು ಚಾರ್ಜಿಂಗ್ ಲೈಟು, ರೋಲ್ ಬೋರ್ಡು, ಸೀಮೆಸುಣ್ಣ, ಒಂದು ಚಾಪೆ ಸುರುಳಿ, ಪಾತ್ರೆ ತುಂಬ ಚಿತ್ರಾನ್ನ ಹೇರಿಕೊಂಡು ಹೊರಟೆವು. ಹೆಣ್ಣುಮಕ್ಕಳ ಮನೆಗಳಿಗೆಲ್ಲ ನಾನೇ ಹೋಗಿ ಹೇಳಿ ಬಂದಿದ್ದೆ: ಅಜ್ಜಿಯೋ ಅಮ್ಮನೋ ಜೊತೆಗಿದ್ದರೆ ಮಾತ್ರ, ಬೆಳಗಿನ ತನಕ ನನ್ನ ಕಣ್ಣ ಮುಂದೆ.

ಹೋಗಿ ನೋಡಿದರೆ ಸಾಲು ಅನ್ನುವುದೇ ಇಲ್ಲ! ಗೇಟಿನಿಂದ ರಸ್ತೆವರೆಗೂ ಚಪ್ಪಲಿ, ಇಟ್ಟಿಗೆ, ನೀರಿನ ಬಾಟ್ಲಿ, ಕಲ್ಲು ಕಟ್ಟಿದ ಕೈಚೀಲ. ಒಂದೊಂದೂ ಒಬ್ಬೊಬ್ಬ ರೈತ. ವಸ್ತುವಿನ ಯಜಮಾನರು ಬೇಲಿ ಪಕ್ಕ ಬೀಡಿ ಸೇದುತ್ತಲೋ ಟವಲ್ ಹಾಸಿಕೊಂಡೋ ಇದ್ದರು. ಆಗಾಗ ಯಾರದೋ ಇಟ್ಟಿಗೆ ಎರಡು ಅಡಿ ಮುಂದೆ ಹೋಗಿರುತ್ತಿತ್ತು. ಕೂಡಲೇ ಕೂಗಾಟ. ‘ನನ್ ಚಪ್ಪಲಿ ಮುಟ್ಟಿದೋನು ಯಾವನ್ಲಾ?’ ಅನ್ನುವ ಗದ್ದಲದ ನಡುವೆ ನಮ್ಮ ಮಕ್ಕಳು ಅಜ್ಜಿಯರ ಪಕ್ಕ ಪಠ್ಯಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮೊಬೈಲ್ ಟಾರ್ಚು ಹಿಡಿದು ಕೂತಿದ್ದರು.

ಅವನೂ ಇದ್ದ. ಜನವರಿಯಿಂದ ನಮ್ಮ ಕೇಂದ್ರದ ಕಡೆ ತಲೆ ಹಾಕದ ಹುಡುಗ. ಅವನ ಅಪ್ಪ ಕಾಯಿ ಕೀಳುವವರು. ಸ್ವಂತಕ್ಕೆ ಒಂದು ಮರವೂ ಇಲ್ಲ. ಅಪ್ಪನ ಸೊಂಟಕ್ಕೆ ಪೆಟ್ಟಾದ ಮೇಲೆ ಮರ ಹತ್ತುವವನು ಇವನೇ ಆಗಿದ್ದ. ಹಾಜರಾತಿ ಶೇಕಡ 75 ದಾಟಿ ಹಾಲ್ ಟಿಕೆಟ್ ಕೈಗೆ ಸಿಗುವುದೇ ಕಷ್ಟ ಅನ್ನುವ ಸ್ಥಿತಿ. ನೋಂದಣಿಗೆ ಇವನದ್ದೇನೂ ಇರಲಿಲ್ಲ. ಎರಡು ಮನೆಯವರ ಪರವಾಗಿ ಜಾಗ ಕಾಯಲು, ಮನೆಗೆ ಮುನ್ನೂರರಂತೆ ಕೂಲಿ ಒಪ್ಪಿ ಬಂದಿದ್ದ. ನನ್ನನ್ನು ಕಂಡದ್ದೇ ಮುಖ ಆ ಕಡೆ ತಿರುಗಿಸಿದ.

ನಾನು ಮಾತಾಡಿಸಲಿಲ್ಲ. ಬೋರ್ಡನ್ನು ಆಟೊದ ಪಕ್ಕಕ್ಕೆ ಕಟ್ಟಿದೆವು. ಸೊಳ್ಳೆಗೆ ಅಂತ ಯಾರೋ ಮಟ್ಟೆ ಗುಡ್ಡೆ ಮಾಡಿ ಹೊಗೆ ಎಬ್ಬಿಸಿದ್ದರು. ಅದರ ಸುತ್ತ ಚಾಪೆ ಬಿಚ್ಚಿದೆವು. ಒಂದು ಕಡೆ ವಿಜ್ಞಾನ, ಪೀನ ಮಸೂರದ ಚಿತ್ರ. ಇನ್ನೊಂದು ಕಡೆ ಇಂಗ್ಲಿಷ್ ಪತ್ರ ಬರೆಯೋದು. ಅಜ್ಜಿಯ ಜೊತೆ ಬಂದಿದ್ದ ಹುಡುಗಿ ಗಣಿತ ತೆಗೆದಳು: ಸಮಾಂತರ ಶ್ರೇಢಿ.

ಬೋರ್ಡಿನ ಮೇಲೆ ಅವಳು ಎರಡು, ಐದು, ಎಂಟು, ಹನ್ನೊಂದು ಅಂತ ಬರೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಹಿರಿಯರು, ಟವಲ್ ಹೆಗಲಿಗೆ ಹಾಕಿಕೊಂಡವರು, ಇಣುಕಿ ಕೇಳಿದರು.

‘ಇದ್ರಿಂದ ಏನ್ ಉಪಯೋಗ ಮಗ?’

‘ಇಪ್ಪತ್ತನೇ ಸಂಖ್ಯೆ ಯಾವ್ದು ಅಂತ ಎಣಿಸ್ದೇನೇ ಹೇಳ್ಬೋದು ತಾತ.’

‘ಹಂಗಾದ್ರೆ ನಮ್ ಸರದಿ ಎಷ್ಟೊತ್ತಿಗೆ ಬರ್ತೈತೆ, ಅದನ್ ಹೇಳು ನೋಡಾನ.’

ಸುತ್ತ ಇದ್ದವರು ನಕ್ಕರು. ಅವಳು ನಗಲಿಲ್ಲ. ‘ಬೆಳಿಗ್ಗೆ ಎಷ್ಟೊತ್ತಿಗೆ ಶುರು ತಾತ?’ ‘ಹತ್ತಕ್ಕೆ.’ ‘ಒಬ್ರಿಗೆ ಎಷ್ಟೊತ್ತು ಹಿಡೀತೈತೆ?’ ಫೆಬ್ರವರಿಯಲ್ಲಿ ನೋಂದಣಿ ಮಾಡಿಸಿದ್ದ ಒಬ್ಬರು ‘ಆರು ನಿಮಿಷ ಅನ್ಕೊ’ ಅಂದರು. ‘ನೀವೆಷ್ಟನೆಯೋರು?’

ಅಲ್ಲಿ ನಿಂತಿತು ಲೆಕ್ಕ. ಯಾರಿಗೂ ತಾನು ಎಷ್ಟನೆಯವನು ಅಂತ ಗೊತ್ತಿಲ್ಲ. ಚಪ್ಪಲಿ ಎಣಿಸಿದರೆ ಒಂದು ಸಂಖ್ಯೆ, ತಲೆ ಎಣಿಸಿದರೆ ಇನ್ನೊಂದು. ‘ಮೊದ್ಲು ಪಟ್ಟಿ ಆಗ್ಬೇಕು’ ಅಂದಳು ಹುಡುಗಿ. ‘ಬಂದಿರೋ ಕ್ರಮದಲ್ಲಿ ಹೆಸರು ಬರೆದು ನಂಬರ್ ಹಾಕಾನ. ಆಗ ಯಾರೂ ಕಾಯೋ ಹಂಗಿಲ್ಲ. ಮನೆಗೆ ಹೋಗಿ ಹಾಲು ಕರ್ಕಂಡೇ ಬರ್ಬೋದು.’

ಮಾತು ಒಳ್ಳೆಯದೇ ಅಂತ ನಾಲ್ಕಾರು ಜನ ತಲೆ ಆಡಿಸಿದರು. ಆಗ ಆ ಹುಡುಗ ಎದ್ದು ಬಂದ, ಮುಖ ಕೆಂಪಗೆ.

‘ಪಟ್ಟಿ ಮಾಡಿದ್ರೆ ನಂಗ್ಯಾರು ಕಾಸು ಕೊಡ್ತಾರೆ? ಜಾಗ ಕಾಯಾಕಂತ ತಾನೇ ನಾನು ಬಂದಿರಾದು?’

ಗದ್ದಲ ತಣ್ಣಗಾಯಿತು. ಹುಡುಗಿಗೂ ಉತ್ತರ ಹೊಳೆಯಲಿಲ್ಲ. ಅವಳ ಲೆಕ್ಕ ಸರಿಯಾಗಿತ್ತು, ಅವನ ಲೆಕ್ಕವೂ ಸರಿಯಾಗಿತ್ತು. ಅವಳದ್ದು ಎಲ್ಲರ ನಿದ್ದೆ ಉಳಿಸುತ್ತಿತ್ತು, ಅವನ ಆರುನೂರು ರೂಪಾಯಿ ಕಳೆಯುತ್ತಿತ್ತು. ಇಂಥ ಕಡೆ ನಾವು ದೊಡ್ಡವರು ಬಾಯಿ ಹಾಕಿ ‘ಹೋಗ್ಲಿ ಬಿಡೋ’ ಅಂದುಬಿಡುತ್ತೇವೆ. ಬಿಡುವವನು ಯಾವಾಗಲೂ ಇಲ್ಲದವನೇ. ನಾನು ಸುಮ್ಮನಿದ್ದೆ, ಮಕ್ಕಳು ಏನು ಮಾಡುತ್ತಾರೆ ನೋಡೋಣ ಅಂತ.

ದಾರಿ ಕಂಡದ್ದು ಆ ಟವಲ್ ತಾತನಿಗೆ. ‘ಪಟ್ಟಿ ಬರೆದು ಯಾರ ಕೈಗೆ ಕೊಡ್ತೀರ? ಇಲ್ಲಿ ಒಬ್ರಿಗೊಬ್ರು ಅಪನಂಬಿಕೆ. ಈ ಹುಡ್ಗ ಕಾಯ್ಲಿ. ತಲೆಗೆ ಹತ್ ರೂಪಾಯಿ ಹಾಕಾನ. ಚಪ್ಪಲಿ ಕಾಯಾದ್ರ ಬದ್ಲು ಪಟ್ಟಿ ಕಾಯ್ತಾನೆ.’ ಹುಡುಗ ಮನಸ್ಸಿನಲ್ಲೇ ಗುಣಿಸಿಕೊಂಡದ್ದು ನನಗೆ ಕಂಡಿತು. ಎಪ್ಪತ್ತರ ಮೇಲೆ ಜನ ಇದ್ದರು. ‘ಆಗ್ಲಿ’ ಅಂದ. ‘ಆದ್ರೆ ಹೆಸ್ರು ನಾನೇ ಕೂಗ್ತೀನಿ.’

ಅವನೇ ಕೂಗಿದ್ದರಿಂದಲೇ ಆ ಪಟ್ಟಿ ನಿಂತಿತು. ಹುಡುಗಿ ಬರೆದಳು, ಅವನು ಹೆಸರು ಹೇಳಿಸಿದ. ಸುತ್ತ ಹತ್ತು ಹಳ್ಳಿಯ ತೋಟ ಅವನಿಗೆ ಮರ ಮರವಾಗಿ ಗೊತ್ತು. ಯಾರದ್ದು ಎಷ್ಟು ಮರ, ಯಾವ ತೋಟಕ್ಕೆ ಕಪ್ಪು ತಲೆ ಹುಳು ಬಿದ್ದಿದೆ, ಯಾರ ಮನೆಯಲ್ಲಿ ನಡೆಯಲಾರದ ಮುದುಕರಿದ್ದಾರೆ, ಎಲ್ಲ ಬಾಯಲ್ಲೇ ಇತ್ತು. ಒಬ್ಬರು ಭಾವಮೈದನ ಹೆಸರನ್ನು ನಡುವೆ ತೂರಿಸಲು ನೋಡಿದರು. ಹುಡುಗ ತಲೆ ಎತ್ತಲೇ ಇಲ್ಲ. ‘ಅವ್ರ ತೋಟ ಈ ಹೋಬಳಿಲೇ ಇಲ್ಲ ಕಣಣ್ಣ. ಹೋದ್ ತಿಂಗ್ಳು ಅಲ್ಲಿ ಮರ ಹತ್ತಿದ್ದು ನಾನೇಯ.’ ಜನ ಹೋ ಅಂತ ನಕ್ಕರು. ಭಾವಮೈದನ ವಿಷಯ ಅಲ್ಲಿಗೆ ಮುಗಿಯಿತು.

ಹುಡುಗಿಯ ಅಜ್ಜಿಯದು ನಲವತ್ತಮೂರನೇ ನಂಬರ್. ಅವಳು ಅದನ್ನೇ ಉದಾಹರಣೆ ಮಾಡಿ ಬೋರ್ಡಿಗೆ ಏರಿಸಿದಳು. ‘ಮೊದಲ್ನೆಯೋರು ಹತ್ತು ಗಂಟೆಗೆ. ಸಾಮಾನ್ಯ ವ್ಯತ್ಯಾಸ ಆರು ನಿಮಿಷ. ನಲವತ್ತಮೂರನೆಯೋರಿಗೆ ಮುಂಚೆ ನಲವತ್ತೆರಡು ಜನ. ನಲವತ್ತೆರಡಾರ್ಲೆ ಇನ್ನೂರ ಐವತ್ತೆರಡು ನಿಮಿಷ. ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಅಜ್ಜಿ ಸರದಿ.’ ಸಂಜೆ ಶಾಲೆಯಲ್ಲಿ ಈ ಪಾಠಕ್ಕೆ ಆಕಳಿಸುತ್ತಿದ್ದ ಹುಡುಗರೆಲ್ಲ ತಮ್ಮ ತಮ್ಮ ಮನೆ ನಂಬರ್ ಹಿಡಿದು ಲೆಕ್ಕಕ್ಕೆ ಬಿದ್ದರು.

ತಾತ ಬಿಡಲಿಲ್ಲ. ‘ಒಳಗಿರೋರು ಉಣ್ಣಲ್ವೇನವ್ವ? ಒಂದಕ್ಕೆ ಬಾಗ್ಲು ಹಾಕ್ತಾರೆ, ಎರಡಕ್ಕೆ ತೆಗೀತಾರೆ.’

ಅವಳು ತುಸು ಹೊತ್ತು ಯೋಚಿಸಿ ಎರಡು ಹನ್ನೆರಡನ್ನು ಅಳಿಸಿ ಮೂರು ಹನ್ನೆರಡು ಮಾಡಿದಳು. ‘ಮೂವತ್ತನೆಯೋರ ತನಕ ಊಟಕ್ಕೆ ಮುಂಚೆ, ಆಮೇಲಿನೋರಿಗೆಲ್ಲ ಒಂದ್ ಗಂಟೆ ಜಾಸ್ತಿ’ ಅಂತ ಗೆರೆ ಎಳೆದಳು. ನೋಟ್‌ಬುಕ್ಕಿನ ಹಾಳೆ ಹರಿದು ಒಬ್ಬೊಬ್ಬರಿಗೂ ಚೀಟಿ: ಹೆಸರು, ನಂಬರ್, ಅಂದಾಜು ಹೊತ್ತು. ಹತ್ತು ಗಂಟೆ ರಾತ್ರಿಗೆಲ್ಲ ಬಯಲು ಅರ್ಧ ಖಾಲಿ. ಹಸು ಕರೆಯಬೇಕಾದವರು, ಮಂಡಿ ನೋವಿನವರು ಮನೆಗೆ ಹೋದರು. ದೂರದ ಊರಿನವರು ಉಳಿದರು. ಚಿತ್ರಾನ್ನ ಹಂಚಿದೆವು. ಯಾರೋ ಚೀಲದಿಂದ ಕೊಬ್ಬರಿ, ಅಚ್ಚುಬೆಲ್ಲ ತೆಗೆದು ಮಕ್ಕಳಿಗೆ ಕೊಟ್ಟರು.

ಆಮೇಲಿನ ರಾತ್ರಿಯನ್ನು ಹೇಗೆ ಹೇಳಲಿ! ರೈತರು ಮಕ್ಕಳಿಗೆ ಪ್ರಶ್ನೆ ಕೇಳತೊಡಗಿದರು. ಸಮಾಜ ವಿಜ್ಞಾನದ ಪುಸ್ತಕ ತಿರುವಿ ಹಾಕಿದ ಒಬ್ಬರು ಬ್ಯಾಂಕಿನ ಪಾಠ ಓದಿಸಿದರು. ಓದಿ ಮುಗಿದ ಮೇಲೆ ತಮ್ಮ ಸಾಲದ ಕತೆ ಹೇಳಿದರು. ಬಡ್ಡಿ ಹೇಗೆ ಬೆಳೆಯಿತು ಅಂತ ಹುಡುಗರು ಅವರದ್ದೇ ಲೆಕ್ಕ ಹಾಕಿ ತೋರಿಸಿದಾಗ ಅವರು ‘ಬ್ಯಾಂಕಿನೋರು ನಂಗಿದನ್ನ ಹೇಳ್ಲೇ ಇಲ್ವಲ್ಲ’ ಅಂದರು. ಇನ್ನೊಬ್ಬರು ನುಸಿ ರೋಗ ಬಂದ ಕಾಲದ್ದು ಹೇಳಿದರು, ತೊಂಬತ್ತರ ದಶಕದ ಕೊನೆಗೆ ಕಾಯೆಲ್ಲ ಕಜ್ಜಿ ಹಿಡಿದು ಕುಗ್ಗಿಹೋದದ್ದು. ವಿಜ್ಞಾನದ ಗುಂಪಿನವರು ಆ ನುಸಿ ಕೀಟವಲ್ಲ, ಎಂಟು ಕಾಲಿನ ಜಾತಿ ಅಂತ ವಾದಕ್ಕೆ ನಿಂತರು. ಇದಕ್ಕಿರೋದು ಬರೀ ನಾಲ್ಕು ಕಾಲು ಅಂತ ಮೇಷ್ಟ್ರು ಹೇಳಿದ್ದಾರೆ ಅಂತ ಅವರಲ್ಲೇ ಒಬ್ಬ ತಿದ್ದಿದ. ನಡುರಾತ್ರಿ ಕಳೆದ ಮೇಲೆ ಅರ್ಧ ಚಂದ್ರ ಎದ್ದ. ಚಿಕ್ಕವರು ಅಜ್ಜಿಯರ ಸೆರಗಿನಲ್ಲಿ ಮಲಗಿದರು. ಪಟ್ಟಿ ಹಿಡಿದ ಹುಡುಗ ಮಲಗಲಿಲ್ಲ. ಕಾಗದವನ್ನು ಶರ್ಟಿನೊಳಗಿಟ್ಟುಕೊಂಡು, ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತು, ಯಾರದೋ ಗಣಿತ ಪುಸ್ತಕ ಓದುತ್ತಿದ್ದ. ಬೆಳಗಿನ ಜಾವ ಅವನೇ ಮಾತು ತೆಗೆದ.

‘ಅಕ್ಕ, ಎರಡ್ ತಿಂಗ್ಳಿಂದ ಬಂದಿಲ್ಲ. ಈಗ್ ಓದಿದ್ರೆ ಆಯ್ತದಾ?’

‘ದಿನಾ ಮರ ಎಷ್ಟೊತ್ತಿಗೆ ಇಳೀತೀಯ?’

‘ಮೂರು, ಮೂರೂವರೆ. ಬಿಸ್ಲು ಜಾಸ್ತಿ ಆದ್ರೆ ಇನ್ನೂ ಬೇಗ.’

‘ನಾಲ್ಕಕ್ಕೆ ಬಾ. ಲೈಬ್ರರಿ ತೆಗೆದಿರ್ತೀನಿ.’

ಅಷ್ಟೇ ಮಾತು.

ಸೋಮವಾರ ಬೆಳಿಗ್ಗೆ ಮಿಕ್ಕ ಮಕ್ಕಳೆಲ್ಲ ಮುಖ ತೊಳೆದು ಶಾಲೆಗೆ ಓಡಿದರು. ಹುಡುಗಿ ಅಜ್ಜಿಗಾಗಿ ಉಳಿದಳು, ಹುಡುಗ ಪಟ್ಟಿಗಾಗಿ ಉಳಿದ. ಹತ್ತಕ್ಕೆ ಬಾಗಿಲು ತೆಗೆದಾಗ ಒಳಗಿದ್ದ ಸಿಬ್ಬಂದಿ ಪಟ್ಟಿ ನೋಡಿ, ‘ಇದೇನ್ರಪ್ಪ, ಜಗಳ ಇಲ್ವಾ?’ ಅಂತ ಕೇಳಿ, ಅದರ ಪ್ರಕಾರವೇ ಕೂಗಿದರು. ಆದರೆ ಆರು ನಿಮಿಷದ ಮಾತು ಮೊದಲನೆಯವರಿಗೇ ಸುಳ್ಳಾಯಿತು. ಒಬ್ಬರಿಗೆ ನಾಲ್ಕು ನಿಮಿಷ, ಇನ್ನೊಬ್ಬರಿಗೆ ಹದಿನೈದು. ಬೆರಳು ಮೂಡಲ್ಲ, ಸರ್ವರ್ ಸುತ್ತುತ್ತಲೇ ಇರುತ್ತದೆ. ಚೀಟಿ ಹಿಡಿದವರು ಹುಡುಗಿಯನ್ನು ದುರುಗುಟ್ಟಿ ನೋಡತೊಡಗಿದರು.

‘ವ್ಯತ್ಯಾಸ ಒಂದೇ ಇಲ್ಲ ಕಣಕ್ಕ. ಇದು ಶ್ರೇಢಿನೇ ಅಲ್ಲ’ ಅಂದಳು. ಅಳು ಬರುವಂತಿತ್ತು. ಆಮೇಲೆ ಅವಳಿಗೇ ಹೊಳೆಯಿತು. ‘ಸರಾಸರಿ ತೆಗೀಬೇಕು.’ ಹತ್ತು ಜನ ಮುಗಿಯುವ ತನಕ ಹುಡುಗ ಮೊಬೈಲಿನಲ್ಲಿ ಹೊತ್ತು ಹಿಡಿದ. ಹತ್ತು ಜನಕ್ಕೆ ತೊಂಬತ್ತು ನಿಮಿಷ, ತಲೆಗೆ ಒಂಬತ್ತು. ಊಟಕ್ಕೆ ಮುಂಚೆ ಇಪ್ಪತ್ತು ಜನ, ಆರಕ್ಕೆ ಮುಚ್ಚುವ ಹೊತ್ತಿಗೆ ನಲವತ್ತಾರು. ಅಜ್ಜಿಯದು ಮೂರು ಹನ್ನೆರಡಲ್ಲ, ಐದು ಗಂಟೆ ಹದಿನೆಂಟು ನಿಮಿಷ. ‘ನಲವತ್ತೇಳರಿಂದ ಆಚೆಯೋರು ನಾಳೆ ಬೆಳಿಗ್ಗೆ ಬರ್ರಪ್ಪ, ಇದೇ ಪಟ್ಟಿ ನಡೀತೈತೆ’ ಅಂತ ಹುಡುಗ ಗಂಟಲು ಹರಿಯುವಂತೆ ಕೂಗಿ ಹೇಳಿದ. ಪಠ್ಯದಲ್ಲಿ ಶ್ರೇಢಿ ಒಂದು ಅಧ್ಯಾಯ, ಸರಾಸರಿ ಇನ್ನೊಂದು. ಒಂದರ ಕೈ ಸೋತಲ್ಲಿ ಇನ್ನೊಂದನ್ನು ಹಿಡಿಯಬೇಕು ಅಂತ ಅವಳಿಗೆ ಆ ಬಿಸಿಲು ಕಲಿಸಿತು.

ಅಜ್ಜಿಯ ಸರದಿ ಬಂದಾಗ ಐದೂವರೆ ಆಗುತ್ತ ಬಂದಿತ್ತು. ಆಯಸ್ಸಿಡೀ ಮಟ್ಟೆ ಸುಲಿದು, ಚಿಪ್ಪು ಒಡೆದ ಕೈ. ಹೆಬ್ಬೆರಳಲ್ಲಿ ಗೆರೆಯೇ ಉಳಿದಿರಲಿಲ್ಲ. ಯಂತ್ರ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟರು, ಇಲ್ಲ. ಒಂದೊಂದೇ ಬೆರಳು ಇಡಿಸುತ್ತ ಹೋದರು. ಕೊನೆಗೆ ಎಡಗೈಯ ಉಂಗುರ ಬೆರಳು ಹಸಿರು ತೋರಿಸಿತು. ಅಜ್ಜಿ ಹೊರಗೆ ಬಂದು, ‘ಕೆಲ್ಸ ಮಾಡ್ದಿರೋ ಬೆರಳನ್ನೇ ಕೇಳ್ತದಲ್ಲವ್ವ ಈ ಮಿಷಿನ್ನು’ ಅಂದರು. ನಾವು ನಕ್ಕೆವು. ಅವರು ಮಾತ್ರ ನಗಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. ಹುಡುಗ ನಾಲ್ಕಕ್ಕೆ ಬಂದ, ಪರೀಕ್ಷೆ ಮುಗಿಯುವ ತನಕ ಬಂದ. ಹಾಲ್ ಟಿಕೆಟ್ ಕೂಡ ಹೇಗೋ ಕೈಗೆ ಬಂತು. ಮೇ 9ಕ್ಕೆ ಫಲಿತಾಂಶ. ಹಿಂದಿನ ವರ್ಷ ರಾಜ್ಯದಲ್ಲಿ ಶೇಕಡ 83.89 ಪಾಸಾಗಿದ್ದರೆ ಆ ವರ್ಷ ಶೇಕಡ 73.40, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕ್ಯಾಮೆರಾ ಕೆಲಸ ಮಾಡಿತ್ತು. ಹುಡುಗಿ ಪಾಸಾದಳು. ಹುಡುಗ ಗಣಿತದಲ್ಲಿ ಪಾಸು, ಇಂಗ್ಲಿಷಿನಲ್ಲಿ ಫೇಲು. ಆ ವರ್ಷದಿಂದಲೇ ಪರೀಕ್ಷೆ-1, 2, 3 ಅಂತ ಮೂರು ಅವಕಾಶ ಶುರುವಾಗಿತ್ತಲ್ಲ. ಜೂನಿನ ಪರೀಕ್ಷೆ-2ರಲ್ಲಿ ಇಂಗ್ಲಿಷೂ ದಾಟಿದ. ಐಟಿಐ ಸೇರಿದ, ಎಲೆಕ್ಟ್ರಿಷಿಯನ್. ಭಾನುವಾರ ಮಾತ್ರ ಮರ ಹತ್ತುತ್ತೇನೆ ಅಂತ ಅಪ್ಪನ ಹತ್ತಿರ ಕರಾರು ಮಾಡಿಕೊಂಡ. ಕೊಬ್ಬರಿಯ ಕತೆಯೂ ತಿರುಗಿತು: 2025ರಲ್ಲಿ ಕ್ವಿಂಟಲಿಗೆ ಇಪ್ಪತ್ತು ಸಾವಿರ ದಾಟಿ ಮೇಲೆ ಹೋಯಿತು. ಬೆಂಬಲ ಬೆಲೆಯ ಸಾಲಿನಲ್ಲಿ ನಿಲ್ಲುವ ದರ್ದು ಯಾರಿಗೂ ಉಳಿಯಲಿಲ್ಲ.

ಆದರೆ ನಮ್ಮ ಕೇಂದ್ರದ ನಡೆ ಆ ರಾತ್ರಿಯಿಂದಲೇ ಬದಲಾಯಿತು. ಈಗ ಗೋಡೆಯ ಮೇಲೆ ವೇಳಾಪಟ್ಟಿಯ ಪಕ್ಕ ಇನ್ನೊಂದು ಪಟ್ಟಿ ಇದೆ. ಪ್ರತಿ ಶನಿವಾರ ಒಬ್ಬೊಬ್ಬರೂ ಮುಂದಿನ ವಾರ ಮನೆಯಲ್ಲಿ ತಮ್ಮ ಪಾಲಿನ ಕೆಲಸ ಏನು ಅಂತ ಬರೆಯುತ್ತಾರೆ. ಒಬ್ಬನಿಗೆ ಬುಧವಾರ ಕಾಯಿ ಕೀಳಿಸೋದು. ಒಬ್ಬಳಿಗೆ ಅಮ್ಮ ತವರಿಗೆ ಹೋಗಿರೋದರಿಂದ ಅಡುಗೆ. ಇನ್ನೊಬ್ಬನಿಗೆ ತಾತನನ್ನು ತಿಪಟೂರು ಆಸ್ಪತ್ರೆಗೆ ಕರೆದೊಯ್ಯೋದು. ಅದನ್ನು ನೋಡಿಕೊಂಡು ಓದಿನ ಹೊತ್ತು ಗೊತ್ತು ಮಾಡುತ್ತೇವೆ. ಬರಲಾಗದವರ ಮನೆಗೆ ಪಕ್ಕದ ಮನೆಯವರ ಕೈಲಿ ನೋಟ್ಸ್ ಹೋಗುತ್ತದೆ. ಸುಲಿಯುವ ಕಾಲದಲ್ಲಿ ಬಾಗಿಲು ರಾತ್ರಿ ಒಂಬತ್ತರ ತನಕ ತೆಗೆದಿರುತ್ತದೆ. ತಿಂಗಳಿಗೊಂದು ಸಂಜೆ ದೊಡ್ಡವರು ಪಹಣಿ, ಪಾಸ್‌ಬುಕ್ಕು ಹಿಡಿದು ಬರುತ್ತಾರೆ. ಹತ್ತನೇ ಕ್ಲಾಸಿನವರು ಓದಿ ಹೇಳುತ್ತಾರೆ.

ಹೊಸದಾಗಿ ಕೆಲಸಕ್ಕೆ ಸೇರಿದ ಮೇಲ್ವಿಚಾರಕಿಯರು ಆಗಾಗ ಕೇಳುತ್ತಾರೆ, ಹದಿನೈದರ ಮಕ್ಕಳನ್ನು ಹಿಡಿದಿಡೋದು ಹೇಗೆ ಮೇಡಂ ಅಂತ. ನಾನು ಹೇಳುವುದು ಇಷ್ಟು. ಈ ಸೀಮೆಯಲ್ಲಿ ಹದಿನೈದಕ್ಕೆ ಮಗು ಅರ್ಧ ಯಜಮಾನ ಆಗಿರುತ್ತೆ. ಅವರು ಬಾಗಿಲಿಗೆ ಬಂದಾಗ ಎಷ್ಟು ಮಾರ್ಕ್ಸು ಅಂತ ಕೇಳಬೇಡಿ. ಅದನ್ನು ಕೇಳೋಕೆ ಊರೆಲ್ಲ ಇದೆ. ಮನೆಯಲ್ಲಿ ಯಾವ ಕೆಲಸ ನಿನ್ನ ಪಾಲಿಗಿದೆ ಅಂತ ಕೇಳಿ. ಉತ್ತರ ಪೂರ್ತಿ ಕೇಳಿಸಿಕೊಂಡ ಮೇಲೆ ಪುಸ್ತಕ ತೆಗೆಯಿರಿ.